ಹನ್ನೊಂದು ಹಾಡು ಮತ್ತು ಒಂದು ಕಾಲು

ಮೆಂಫಿಸ್
ಮಾರ್ಚ್ ೪, ೧೯೬೨

ಶ್ರೀ ನಾರ್ಮನ್ ಕ್ರೇಲ್ ಅವರಿಗೆ,

ನಾನು ೧೯೩೭ರ ಚಳಿಗಾಲದಲ್ಲಿ, ಹೆಲೆನಾ ಊರಿನ ಒಂದು ಬಾಡಿಗೆ ಕೋಣೆಯಲ್ಲಿ, ಒಬ್ಬಂಟಿಯಾಗಿ, ನ್ಯುಮೋನಿಯಾದಿಂದ ತೀರಿಕೊಂಡೆ ಎಂಬ ಸುದ್ದಿ ನನಗೆ ಕಳೆದ ಮಂಗಳವಾರ ಮಧ್ಯಾಹ್ನ ತಲುಪಿತು. ಆಗ ನಾನು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೀನ್ಸ್ ಬಡಿಸುತ್ತಿದ್ದೆ. ಸಂಗೀತದ ಮೇಡಂ ಮಿಸ್ ಟಾಲಿವರ್ ಹೊಸ ಗ್ರಾಮಫೋನ್ ಪ್ಲೇಟೊಂದನ್ನು ಹಿಡಿದುಕೊಂಡು ಬಂದು, "ಮಿಸೆಸ್ ಬಾಯ್ಕಿನ್, ನಿಮ್ಮ ಹೆಸರಿನವರೇ ಒಬ್ರು ಬ್ಲೂಸ್ ಹಾಡ್ತಿದ್ರಂತೆ ನೋಡಿ, ಪಾಪ ಸತ್ತೋಗಿದಾರೆ" ಎಂದರು. ನಾನು ಕೈ ಒರೆಸಿಕೊಂಡು, ಅದರ ರಟ್ಟಿನ ಮೇಲೆ ನೀವು ಬರೆದದ್ದನ್ನು ಓದಿದೆ. ದುಃಖವಾಯಿತು. ಆಮೇಲೆ ಬೀನ್ಸ್ ತಣ್ಣಗಾಗುತ್ತದೆಂದು ಉಳಿದ ಮಕ್ಕಳಿಗೂ ಬಡಿಸಿದೆ. ಸತ್ತವರು ಹೀಗೆಲ್ಲ ಮಾಡುತ್ತಾರೋ ಇಲ್ಲವೋ ನಿಮಗೆ ತಿಳಿದಿರಬೇಕು, ನೀವು ಓದಿದವರು.

ಹೆಲೆನಾದಲ್ಲಿ ನಾನು ಎರಡು ದಿನಕ್ಕಿಂತ ಹೆಚ್ಚು ಯಾವತ್ತೂ ನಿಂತವಳಲ್ಲ. ಸಾಯುವುದಕ್ಕೆ ಅಂಥ ಊರನ್ನು ಆರಿಸಿಕೊಳ್ಳುವಷ್ಟು ನನ್ನ ರುಚಿ ಕೆಟ್ಟಿಲ್ಲ. ಇನ್ನು 'ಒಬ್ಬಂಟಿ' ಎಂಬ ಮಾತು. ೧೯೩೭ರಲ್ಲಿ ನನಗೆ ಒಬ್ಬ ಗಂಡ ಇದ್ದ, ಇನ್ನೊಬ್ಬ ಬರುವವನಿದ್ದ. ಒಬ್ಬಂಟಿಯಾಗಿರಲು ಪುರುಸೊತ್ತೇ ಇರಲಿಲ್ಲ.

ಆದರೆ ಇಷ್ಟಕ್ಕೇ ನಾನು ಕಾಗದ ಖರ್ಚು ಮಾಡುವವಳಲ್ಲ. ನನ್ನ ಹೆಸರಿನಲ್ಲಿ ೧೯೨೭ರಿಂದ ೧೯೨೯ರವರೆಗೆ ಬಂದ ಹನ್ನೆರಡು ಹಾಡನ್ನೂ ನೀವು ಈ ಹೊಸ ಪ್ಲೇಟಿನಲ್ಲಿ ಹಾಕಿದ್ದೀರಿ. ರಟ್ಟಿನ ಹಿಂಬದಿಯಲ್ಲಿ 'ಆರಿದ ಒಲೆ' ಎಂಬ ಒಂದೇ ಹಾಡಿಗೆ ಆರು ಪ್ಯಾರಾ ಹೊಗಳಿಕೆ. ಅದರಲ್ಲಿ ಕೇಳಿಸುವ ಕಾಲಿನ ಸದ್ದಿಗೇ ಒಂದೂವರೆ ಪ್ಯಾರಾ: 'ಅರೆ ಮಾತ್ರೆ ತಡವಾಗಿ ಬೀಳುವ ಈ ಹೆಜ್ಜೆಯಲ್ಲಿ ಒಂದು ಜನಾಂಗದ ಶತಮಾನಗಳ ದುಃಖವಿದೆ.' ಉಳಿದ ಹನ್ನೊಂದು ಹಾಡಿಗೆ ಒಟ್ಟು ಒಂದು ಸಾಲು: 'ಇವುಗಳಲ್ಲಿ ಆಕೆಯ ದನಿ ದಣಿದಿದೆ, ತನ್ನನ್ನೇ ತಾನು ಅನುಕರಿಸುವ ವಿಫಲ ಯತ್ನ.'

ನನ್ನನ್ನು ಕೊಂದದ್ದನ್ನು ಕ್ಷಮಿಸಬಹುದು. ಈ ಸಾಲನ್ನು ಕ್ಷಮಿಸುವುದಿಲ್ಲ.

ನಾನು ಸತ್ತೆ ಎಂದು ನಿಮಗೆ ಹೇಳಿದವರು ಯಾರು ಎಂಬುದನ್ನು ಮರುಟಪಾಲಿಗೆ ತಿಳಿಸಿ. ಇನ್ನೊಂದು ವಿಷಯ. ರಟ್ಟಿನ ಮೇಲೆ ಉದ್ದಕ್ಕೂ ನನ್ನನ್ನು 'ಅರ್ಡೀಲಿಯಾ, ಅರ್ಡೀಲಿಯಾ' ಎಂದು ಕರೆದಿದ್ದೀರಿ. ನಾವಿಬ್ಬರೂ ಒಟ್ಟಿಗೆ ಗೋಲಿ ಆಡಿದ ನೆನಪು ನನಗಿಲ್ಲ.

ಇಂತಿ, ಇನ್ನೂ ಉಸಿರಾಡುತ್ತಿರುವ,
ಮಿಸೆಸ್ ಅರ್ಡೀಲಿಯಾ ಬಾಯ್ಕಿನ್

* * *

ಶಿಕಾಗೊ
ಮಾರ್ಚ್ ೧೯, ೧೯೬೨

ಪ್ರಿಯ ಅರ್ಡೀಲಿಯಾ,

ನಿಮ್ಮ ಪತ್ರ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಇನ್ನೂ ಕೂತಿಲ್ಲ. ನೀವು ಬದುಕಿರುವುದು ನಮ್ಮ ಕ್ಷೇತ್ರದ ಈ ದಶಕದ ಅತಿ ದೊಡ್ಡ ಸಂಶೋಧನೆ.

ನಿಮ್ಮ ನಿಧನದ ವಿವರವನ್ನು ನನಗೆ ಕೊಟ್ಟವರು ಬೇರಾರೂ ಅಲ್ಲ, ನಿಮ್ಮ ಎಲ್ಲ ಪ್ಲೇಟುಗಳಿಗೂ ಪಿಯಾನೊ ನುಡಿಸಿದ ಮಿಸೆಸ್ ಯೂಲಾಲಿ ಮಾಸ್ಬಿ. ಅವರೀಗ ಇದೇ ಊರಿನ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತಾರೆ, ಪಾದ್ರಿಯೊಬ್ಬರ ವಿಧವೆ. ನಿಮ್ಮ ಕಣ್ಣು ಮುಚ್ಚಿದ್ದು ತಾವೇ ಎಂದು ಹೇಳಿ ಕರವಸ್ತ್ರ ತೆಗೆದರು. ಅವರ ಮಾತನ್ನು ನಾನು ಹೇಗೆ ಅನುಮಾನಿಸಲಿ?

ಅಕ್ಟೋಬರ್ ೧೩ರಂದು ನಮ್ಮ ಕಾಲೇಜಿನ ಸಭಾಂಗಣದಲ್ಲಿ ನೀವು 'ಆರಿದ ಒಲೆ' ಹಾಡಬೇಕೆಂದು ನನ್ನ ಪ್ರಾರ್ಥನೆ. ಅದಕ್ಕೆ ಮುಂಚೆ, ದಯವಿಟ್ಟು ತಪ್ಪು ತಿಳಿಯಬೇಡಿ, ನೀವು ನೀವೇ ಎಂಬುದಕ್ಕೆ ಏನಾದರೂ ಆಧಾರ ಬೇಕು. 'ಆರಿದ ಒಲೆ' ಮುದ್ರಣವಾದ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು? (ಈ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಥಗಳಿವೆ.) ಆ ಕಾಲಿನ ಸದ್ದಿನಲ್ಲಿ ಅರೆ ಮಾತ್ರೆಯ ವಿಳಂಬ ನಿಮಗೆ ಹಿರಿಯರಿಂದ ಬಂದದ್ದೇ?

ಮುಂದಿನ ಮುದ್ರಣದಲ್ಲಿ ನಿಮ್ಮ ಮರಣದ ವಾಕ್ಯವನ್ನು ಖಂಡಿತ ತೆಗೆಯುತ್ತೇವೆ.

ಅಪಾರ ಗೌರವದಿಂದ,
ನಾರ್ಮನ್ ಕ್ರೇಲ್

* * *

ಮೆಂಫಿಸ್
ಮಾರ್ಚ್ ೨೫, ೧೯೬೨

ಯೂಲಾ,

ಮೂವತ್ತೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಉದ್ದೇಶವಿಲ್ಲ.

ನನ್ನ ಕಣ್ಣು ಮುಚ್ಚಿದವಳು ನೀನಂತೆ. ಯಾವ ಕೈಯಿಂದ ಮುಚ್ಚಿದೆ? ಎಡಗೈಯಾದರೆ ಸರಿಯಾಗಿ ಮುಚ್ಚಿರುವುದಿಲ್ಲ. ನಿನ್ನ ಎಡಗೈ ಮೊದಲಿಂದಲೂ ಸೋಮಾರಿ. ಕರವಸ್ತ್ರವನ್ನೂ ತೆಗೆದೆಯಂತೆ. ಆ ಬಿಳಿ ಹುಡುಗ ಕ್ರೇಲ್ ನಿನ್ನನ್ನು 'ಮಿಸೆಸ್ ಮಾಸ್ಬಿ' ಎನ್ನುತ್ತಾನೆ, ನನ್ನನ್ನು 'ಅರ್ಡೀಲಿಯಾ' ಎನ್ನುತ್ತಾನೆ. ಸುಳ್ಳು ಹೇಳುವವರಿಗೆ ಇರುವ ಮರ್ಯಾದೆ ಸತ್ತವರಿಗೆ ಇಲ್ಲ ನೋಡು.

'ಆರಿದ ಒಲೆ'ಗೆ ಆರು ಪ್ಯಾರಾ ಬರೆದಿದ್ದಾನೆ. ಓದಿದೆಯಾ? ನನ್ನ ಹನ್ನೊಂದು ಹಾಡು ಅದರ ನಕಲಂತೆ, ಅದೂ ಕೆಟ್ಟ ನಕಲು. ನಾನು ಯಾರ ನಕಲು ಮಾಡಿದೆ ಯೂಲಾ? ಮರೆತಿದ್ದರೆ ನೆನಪಿಸುತ್ತೇನೆ, ಮರೆಯುವುದು ಪಾದ್ರಿಗಳ ಮನೆಯಲ್ಲಿ ಸುಲಭವೆಂದು ಕೇಳಿದ್ದೇನೆ.

ಹತ್ತು ವರ್ಷ ನಾವಿಬ್ಬರೂ ಡಾಕ್ಟರ್ ಗಿಡ್ಡನ್ಸನ ಔಷಧದ ಗಾಡಿಯಲ್ಲಿ ಊರೂರು ಅಲೆದೆವು. ಅವನು ಡಾಕ್ಟರಾದರೆ ನಾನು ಬಿಷಪ್ಪು. ಅವನು ಸಂತೆಯ ನಡುವೆ ಜನರ ಹಲ್ಲು ಕೀಳುತ್ತಿದ್ದ. ಕಿತ್ತಿಸಿಕೊಳ್ಳುವವನ ಕಿರುಚಾಟ ಸಾಲಿನಲ್ಲಿ ನಿಂತವರಿಗೆ ಕೇಳಿಸಬಾರದೆಂದು ನಾನು ಗಂಟಲು ಹರಿದು ಹಾಡಬೇಕು, ನೀನು ಕಾಲಿನ ಹಾರ್ಮೋನಿಯಂ ಒತ್ತಬೇಕು. ನನ್ನ ಸಂಗೀತದ ಗುರು ಯಾರು ಎಂದು ಆ ಹುಡುಗ ಕೇಳಿದರೆ ದವಡೆ ಹಲ್ಲು ಎನ್ನುತ್ತೇನೆ.

೧೯೨೯ರ ಸೆಪ್ಟೆಂಬರ್. ಹಾಡು ಮುದ್ರಿಸುವವರು ದನಿ ಹಿಡಿಯುವ ಮೇಣದ ಬಿಲ್ಲೆಗಳ ಪೆಟ್ಟಿಗೆ ಹೊತ್ತುಕೊಂಡು ಮೆಂಫಿಸ್ಸಿಗೆ ಬಂದು, ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಇಳಿದಿದ್ದರು. ಸೋಮವಾರ ನಾನು 'ಮಂಗಳವಾರದ ರೈಲು' ಹಾಡಿದೆ. ಅದು ಪ್ಲೇಟಿನ ಒಂದು ಮಗ್ಗುಲು. ಇನ್ನೊಂದು ಮಗ್ಗುಲಿಗೆ ಮರುದಿನ 'ಆರಿದ ಒಲೆ'. ಆ ಸಂಜೆಯೇ ಗಿಡ್ಡನ್ಸ್ ಬಂದು, "ಡೀಲಿ, ಹದಿನಾಲ್ಕು ಜನ ಇದಾರೆ ಕಣೇ, ಒಂದೇ ಒಂದ್ ಗಂಟೆ" ಎಂದ. ಹೋದೆ. ಹದಿನಾಲ್ಕು ಹಲ್ಲು ಬಂತು, ನನ್ನ ಗಂಟಲು ಹೋಯಿತು. ಬೆಳಿಗ್ಗೆ ಬಾಯಿ ತೆರೆದರೆ ಬಾಗಿಲ ಕೀಲಿನ ಸದ್ದು.

ಮುದ್ರಿಸುವ ಯಜಮಾನ ಹಡ್‌ಸ್ಪೆತ್ ಗಡಿಯಾರ ನೋಡಿದ. ಉಳಿದದ್ದು ಒಂದೇ ಮೇಣದ ಬಿಲ್ಲೆ, ರೈಲಿಗೆ ಎರಡು ಗಂಟೆ, ನನ್ನ ಹೆಸರು ಆಗಲೇ ಅಚ್ಚಿಗೆ ಹೋಗಿತ್ತು. ನಿನ್ನ ಕಡೆ ಬೆರಳು ತೋರಿಸಿ, "ಇವಳು ಹಾಡ್ಲಿ. ನಿಮ್ಮಿಬ್ರಲ್ಲಿ ಯಾರು ಯಾರು ಅಂತ ನಂಗೇ ಗೊತ್ತಾಗಲ್ಲ, ಮೇಣಕ್ಕೆ ಗೊತ್ತಾಗತ್ತಾ?" ಎಂದ. ಹನ್ನೊಂದು ಹಾಡಿಗೂ ನನ್ನ ಪಾದದ ಕೆಳಗೆ ದಿಂಬು ಇಡಿಸಿದ್ದವನು ಅವನೇ. ನಾನು ಕಾಲು ಬಡಿದರೆ ಸೂಜಿ ಅದುರುತ್ತದೆಂದು. ಅವತ್ತು ದಿಂಬನ್ನು ಒದ್ದು, "ನಿನ್ನ ಕಾಲಾದ್ರೂ ಕೆಲ್ಸ ಮಾಡ್ಲಿ" ಎಂದ.

ನೀನು ಹಾಡಿದೆ.

ಒಲೆ ಆರೈತೆ ರಾಜ, ಬೂದೀನೂ ತಣ್ಣಗೈತೆ,
ಹೌದು, ಒಲೆ ಆರೈತೆ ರಾಜ, ಬೂದೀನೂ ತಣ್ಣಗೈತೆ,
ನೀ ಬೆಂಕಿ ಕೊಟ್ಟು ಬಂದ ಮನೇಲಿ ರೊಟ್ಟಿ ಬಿಸಿಯಾಗೈತೆ.

ನಾನು ಪಕ್ಕದಲ್ಲಿ ನಿಂತು ಮೂರು ನಿಮಿಷ ಕಾಲು ಬಡಿದೆ. ಜಗತ್ಪ್ರಸಿದ್ಧವಾದ ಆ ಹಾಡಿನಲ್ಲಿ ನನ್ನದು ಅಂತ ಇರುವುದು ಒಂದು ಕಾಲು. ಅರೆ ಮಾತ್ರೆ ತಡವಾಗಿ ಬೀಳುವುದು ಜನಾಂಗದ ದುಃಖದಿಂದಲ್ಲ. ನಾನು ಅವತ್ತು ಮೆಟ್ಟಿದ್ದು ನಿನ್ನ ಜೋಡು, ನನ್ನ ಕಾಲಿಗೆ ಎರಡಂಗುಲ ದೊಡ್ಡದು.

ಕ್ರೇಲ್‌ಗೆ ಒಂದು ಸಾಲು ಬರಿ: ಆ ಹಾಡು ಹಾಡಿದವಳು ನಾನು ಎಂದು. ನಿನ್ನ ದನಿಯನ್ನು ನೀನು ತೆಗೆದುಕೊಂಡು ಹೋಗು. ಅದು ನನ್ನ ಹನ್ನೊಂದರ ಕುತ್ತಿಗೆಯ ಮೇಲೆ ಕೂತಿದೆ. ಅದು ಇಳಿಯುವವರೆಗೆ ನನ್ನ ದನಿಯನ್ನು ಯಾರೂ ಕೇಳುವುದಿಲ್ಲ.

ಡೀಲಿ

* * *

ನ್ಯೂ ಗಿಲ್ಗಾಲ್ ಚರ್ಚ್, ಮಾತೆಯರ ಮಂಡಳಿ
ಶಿಕಾಗೊ
ಏಪ್ರಿಲ್ ೯, ೧೯೬೨

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯೇ,

ನಿನ್ನ ಪತ್ರ ತಲುಪಿತು. ಅದರ ಭಾಷೆಗಾಗಿ ಪ್ರಾರ್ಥಿಸಿದೆ.

ನೀನು ಸತ್ತಿದ್ದೀ ಎಂದು ಸುಳ್ಳು ಹೇಳಿದ್ದು ನಿಜ. ದೇವರಲ್ಲಿ ಕ್ಷಮೆ ಕೇಳಿದೆ, ಅದೇ ಮಧ್ಯಾಹ್ನ ಸಿಕ್ಕಿತು. ಆ ಹುಡುಗ ನಿನ್ನನ್ನು ಹುಡುಕಿಕೊಂಡು ಮೆಂಫಿಸ್ಸಿಗೆ ಹೊರಟಿದ್ದ. ನೀನು ಬಾಯಿ ಬಿಡುತ್ತೀ ಎಂದು ನನಗೆ ಗೊತ್ತಿತ್ತು. ಸತ್ತ ಡೀಲಿ ಒಬ್ಬಳೇ ಗುಟ್ಟು ಕಾಪಾಡಬಲ್ಲ ಡೀಲಿ.

ಇಲ್ಲಿ ನನ್ನನ್ನು ಮದರ್ ಮಾಸ್ಬಿ ಎನ್ನುತ್ತಾರೆ. ಬಿಳಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂರುತ್ತೇನೆ. ಹುಡುಗಿಯರ ಲಂಗ ಮೊಣಕಾಲಿಗಿಂತ ಮೇಲೇರಿದರೆ ಬುದ್ಧಿ ಹೇಳುವುದು ನನ್ನ ಕೆಲಸ. ಬೆಂಕಿ ಯಾರ ಮನೆಗೆ ಹೋಯಿತು, ರೊಟ್ಟಿ ಎಲ್ಲಿ ಬಿಸಿಯಾಯಿತು ಎಂದು ಹಾಡಿದವಳು ನಾನೇ ಎಂದು ನಾನು ಯಾವ ಬಾಯಲ್ಲಿ ಬರೆಯಲಿ? ನಾನು ಯಾವ ಪ್ಲೇಟಿನಲ್ಲೂ ಹಾಡಿಲ್ಲ.

ಹಾಡಿದ್ದರೂ ಅದನ್ನು ಕಳೆದುಕೊಂಡದ್ದು ಮೇಣದಲ್ಲಲ್ಲ. ಪ್ಲೇಟು ಹೊರಬಂದ ಮೇಲೆ ಎರಡು ವರ್ಷ ಡೇರೆಯಿಂದ ಡೇರೆಗೆ ನೀನು ಆ ಹಾಡನ್ನು ಹಾಡಿದೆ. ನಾನು ನಿನ್ನ ಬೆನ್ನ ಹಿಂದೆ ಪಿಯಾನೊ ಮುಂದೆ ಕೂತು, ನೀನು ನನ್ನ ದನಿಯನ್ನು ಅಣಕಿಸುವುದನ್ನು ಕೇಳಿದೆ. ಯಾಜೂ ಊರಿನಲ್ಲಿ ಹೆಂಗಸೊಬ್ಬಳು ಎದ್ದು, "ಪ್ಲೇಟಲ್ಲಿರೋ ಥರ ಹಾಡಮ್ಮಾ, ಇದೇನಿದು" ಎಂದಳು. ಜನ ನಕ್ಕರು. ನೀನು ನನ್ನ ಕಡೆ ಕೈ ತೋರಿಸಿ ಏನೆಂದೆ? "ನಮ್ಮ ಯೂಲಾನ ಕೇಳಿ, ಶ್ರುತಿ ಕೊಟ್ಟೋಳು ಅವ್ಳು. ಪಾಪ, ಅವ್ಳಿಗೆ ಹಾಡೋಕ್ ಬರಲ್ಲ, ಬೆರಳಾಡಿಸ್ತಾಳೆ ಅಷ್ಟೆ."

ಮರುದಿನ ಬೆಳಿಗ್ಗೆ ಹೊರಟೆ. ಹೆಸರು ಬೇಕೆಂದವಳು ನೀನು. ಇಟ್ಟುಕೋ.

ನಿನ್ನ ಆತ್ಮಕ್ಕಾಗಿ ಪ್ರಾರ್ಥಿಸುವ,
ಮದರ್ ಯೂಲಾಲಿ ಮಾಸ್ಬಿ

* * *

ಮೆಂಫಿಸ್
ಏಪ್ರಿಲ್ ೨೨, ೧೯೬೨

ಶ್ರೀ ಕ್ರೇಲ್ ಅವರಿಗೆ,

ಕಿಟಕಿಯ ಮೇಲೆ ಹಾಸಿಗೆಗಳನ್ನು ನೇತುಹಾಕಿದ್ದರು, ಬೀದಿಯ ಸದ್ದು ಒಳಗೆ ಬರಬಾರದೆಂದು. ಆದ್ದರಿಂದ ಕಿಟಕಿ ಹಾಸಿಗೆಯ ದಿಕ್ಕಿಗಿತ್ತು. ನಿಮ್ಮ ಎರಡೂ ಪಂಥದವರಿಗೆ ತಿಳಿಸಿ, ಅವರು ರಾಜಿಯಾಗಲಿ.

ಈಗ ನಿಜವನ್ನು ಬರೆಯುತ್ತೇನೆ, ನಿಧಾನವಾಗಿ ಓದಿ. 'ಆರಿದ ಒಲೆ' ಹಾಡಿದವಳು ನಾನಲ್ಲ, ಯೂಲಾಲಿ ಮಾಸ್ಬಿ. ಅವತ್ತು ನನ್ನ ಗಂಟಲು ಕಟ್ಟಿತ್ತು. ಕಾಲು ಮಾತ್ರ ನನ್ನದು, ಜೋಡು ಅವಳದು. ಉಳಿದ ಹನ್ನೊಂದರಲ್ಲಿ ಇರುವುದು ನನ್ನ ದನಿ. ಅದು ಯಾರ ನಕಲೂ ಅಲ್ಲ. ಯೂಲಾ ಹಾಡುವುದಕ್ಕೆ ಎರಡು ವರ್ಷ ಮೊದಲೇ ಅದು ಮೇಣದಲ್ಲಿತ್ತು. ಎರಡು ವರ್ಷ ಮುಂದಿನದನ್ನು ಇವತ್ತೇ ನಕಲು ಮಾಡುವ ವಿದ್ಯೆ ನನಗೆ ಬಂದಿದ್ದರೆ ಶಾಲೆಯಲ್ಲಿ ಬೀನ್ಸ್ ಬೇಯಿಸುತ್ತಿರಲಿಲ್ಲ.

ಇದನ್ನು ಅಚ್ಚು ಹಾಕಿ. ನಾನು ಬದುಕಿರುವ ಸುದ್ದಿಯನ್ನು ಅದರ ಕೆಳಗೆ, ಜಾಗ ಉಳಿದರೆ, ಸಣ್ಣಕ್ಷರದಲ್ಲಿ ಹಾಕಿದರೂ ಆಯಿತು.

ಮಿಸೆಸ್ ಬಾಯ್ಕಿನ್ (ಈ ಪದವನ್ನು ಎರಡನೆಯ ಸಲ ಬರೆದಿದ್ದೇನೆ)

* * *

ಶಿಕಾಗೊ
ಮೇ ೧೫, ೧೯೬೨

ಪ್ರಿಯ ಮಿಸೆಸ್ ಅರ್ಡೀಲಿಯಾ,

ನಿಮ್ಮ ಪತ್ರವನ್ನು ನನ್ನ ಪ್ರಾಧ್ಯಾಪಕರಿಗೆ ಓದಿ ಹೇಳಿದೆ. ಇಬ್ಬರೂ ಮನಸಾರೆ ನಕ್ಕೆವು. ಆಮೇಲೆ ಇಬ್ಬರ ಕಣ್ಣೂ ತೇವವಾಯಿತು. ಇಂಥ ವಿನಯ.

ಆದರೂ ನಾವು ವಿಜ್ಞಾನವನ್ನು ಬಿಡಲಾಗದು. ಹನ್ನೆರಡೂ ಹಾಡುಗಳನ್ನು ದನಿ ಅಳೆಯುವ ಸೂಕ್ಷ್ಮ ಯಂತ್ರಕ್ಕೆ ಕೊಟ್ಟೆವು. ಹನ್ನೆರಡೂ ಒಬ್ಬಳದೇ ದನಿ ಎಂದು ಯಂತ್ರ ಹೇಳಿತು. ಮಿಸೆಸ್ ಮಾಸ್ಬಿ ಅವರನ್ನೂ ಮತ್ತೆ ಕಂಡೆ. ತಾವು ಬದುಕಿನಲ್ಲಿ ಒಂದು ಸಾಲನ್ನೂ ಹಾಡಿಲ್ಲವೆಂದು ಚರ್ಚಿನ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟರು. ನೀವು ಬದುಕಿರುವುದು ತಿಳಿದು ಅವರಿಗೆ ಆಶ್ಚರ್ಯವಾಯಿತು; ಸಂತೋಷವೂ ಆಗಿರಬೇಕು, ತೋರಿಸಿಕೊಳ್ಳಲಿಲ್ಲ.

ದೊಡ್ಡ ಕಲಾವಿದರು ತಮ್ಮ ಶ್ರೇಷ್ಠ ಕೃತಿಯನ್ನು ತಮ್ಮದಲ್ಲ ಎನ್ನುವುದುಂಟು. ನನ್ನ ಪ್ರಾಧ್ಯಾಪಕರು ಈ ಲಕ್ಷಣಕ್ಕೆ ಒಂದು ಹೆಸರನ್ನೂ ಇಟ್ಟಿದ್ದಾರೆ.

ಅಕ್ಟೋಬರಿನ ಭಿತ್ತಿಪತ್ರಗಳು ತಯಾರಾಗಿವೆ. 'ಆರಿದ ಒಲೆ'ಯ ಕೆಳಗೆ ನಿಮ್ಮ ಹೆಸರು ಆಗಲೇ ಅಚ್ಚಾಗಿದೆ.

ನಿಮ್ಮ,
ನಾರ್ಮನ್

* * *

ಮೆಂಫಿಸ್
ಜೂನ್ ೩, ೧೯೬೨

ಯೂಲಾ,

ಇಡೀ ಬದುಕಿನಲ್ಲಿ ಒಂದು ಸಾಲನ್ನೂ ಹಾಡಿಲ್ಲವಂತೆ ನೀನು. ಸಹಿ ಬೇರೆ. ನಿನ್ನ ಸುಳ್ಳಿಗೆ ಲೆಟರ್‌ಹೆಡ್ ಇದೆ, ನನ್ನ ನಿಜಕ್ಕೆ ಶಾಲೆಯ ಹಾಳೆ. ಯಾವುದು ಗೆಲ್ಲುತ್ತದೆಂದು ಹೇಳಬೇಕೆ?

ಯಾಜೂ ಊರಿನ ಮಾತು ಆಡಿದ್ದೆ. ಒಪ್ಪಿದೆ. ಆಡಿದಾಗ ಬಾಯಿ ನನ್ನದೇ ಇತ್ತು, ಯಂತ್ರಕ್ಕೆ ಕೊಟ್ಟು ನೋಡುವುದು ಬೇಡ. ಡೇರೆಯ ತುಂಬ ಜನ ನಗುತ್ತಿದ್ದರು, ನಾನು ಕೈಗೆ ಸಿಕ್ಕಿದವಳನ್ನು ಮುಂದೆ ತಳ್ಳಿದೆ. ಅದಕ್ಕೆ ನೀನು ಬೈದಿದ್ದರೆ, ಪಿಯಾನೊ ಮುಚ್ಚಳ ನನ್ನ ಬೆರಳ ಮೇಲೆ ಬೀಳಿಸಿದ್ದರೆ, ತಾಳಿಕೊಳ್ಳುತ್ತಿದ್ದೆ. ನೀನು ಮಾತಾಡದೆ ಹೋದೆ. ಮೂವತ್ತೊಂದು ವರ್ಷದ ಮೇಲೆ ಮಾತಾಡಿದೆ, ಅದೂ ನಾನು ಸತ್ತೆ ಎಂದು.

ಅಕ್ಟೋಬರ್ ೧೩ಕ್ಕೆ ನಿನ್ನ ಊರಿಗೆ ಬರುತ್ತೇನೆ. ಮರುದಿನ ಭಾನುವಾರ. ಪಾಪನಿವೇದನೆಗೆ ಯಾರಾದರೂ ಇದ್ದಾರೆಯೇ ಎಂದು ನಿಮ್ಮ ಪಾದ್ರಿ ಕೇಳುವ ಹೊತ್ತಿಗೆ ನಾನು ಎದ್ದು ನಿಲ್ಲುತ್ತೇನೆ. ಪಾಪ ನನ್ನದಲ್ಲ, ನಿನ್ನದು. ಗಟ್ಟಿಯಾಗಿಯೇ ಹೇಳುತ್ತೇನೆ. ಹಲ್ಲು ಕೀಳುವಾಗಿನ ಗಂಟಲು ಇನ್ನೂ ಸ್ವಲ್ಪ ಉಳಿದಿದೆ.

ಡೀಲಿ

* * *

ಶಿಕಾಗೊ
ಸೆಪ್ಟೆಂಬರ್ ೧೬, ೧೯೬೨

ಡೀಲಿ,

ಮೂರು ತಿಂಗಳು ಉತ್ತರ ಬರೆದು ಬರೆದು ಹರಿದೆ. ಇದು ಚರ್ಚಿನ ಕಾಗದವಲ್ಲ, ನೋಡಿಕೋ.

ಬರಬೇಡ. ಇದನ್ನು ಬೇಡಿಕೊಂಡು ಬರೆಯುತ್ತಿಲ್ಲ, ಸಿಟ್ಟಿನಿಂದ ಬರೆಯುತ್ತಿದ್ದೇನೆ.

ಇ‌ಲ್ಲಿ ಆರ್ಗನ್ ಮುಂದೆ ಕೂತು ಇಪ್ಪತ್ತೊಂಬತ್ತು ವರ್ಷವಾಯಿತು. ಒಂದು ಭಜನೆಗೂ ಬಾಯಿ ತೆರೆದಿಲ್ಲ. ಮದರ್ ಮಾಸ್ಬಿಗೆ ಗಂಟಲಿನ ಕಾಯಿಲೆ ಎಂದು ಎಲ್ಲರೂ ನಂಬಿದ್ದಾರೆ. ಕ್ರಿಸ್ಮಸ್ಸಿಗೆ ಯಾರಾದರೊಬ್ಬರು ಜೇನುತುಪ್ಪ ತಂದುಕೊಡುತ್ತಾರೆ. ನನ್ನ ಕಪಾಟಿನಲ್ಲಿ ಒಂದು ಅಂಗಡಿಗಾಗುವಷ್ಟು ಜೇನು ಇದೆ. ಯಾಕೆ ಗೊತ್ತಾ? ಈ ಚರ್ಚಿನ ಅರ್ಧ ಹೆಂಗಸರು ತೆಂಕಲಿಂದ ಬಂದವರು. ಮಿಸ್ಸಿಸಿಪ್ಪಿಯಲ್ಲಿ, ಅರ್ಕನ್ಸಾದಲ್ಲಿ, ಹದಿಹರೆಯದಲ್ಲಿ ಆ ಪ್ಲೇಟಿಗೆ ಕುಣಿದವರು. ನಾನು ಒಂದು ಸಾಲು ಹಾಡಿದರೆ ಸಾಕು, ಗುರುತು ಹಿಡಿಯುತ್ತಾರೆ. ನಿನ್ನ ಕ್ರೇಲನ ಯಂತ್ರಕ್ಕೆ ಕಿವಿಯಿಲ್ಲ. ಅವರಿಗಿದೆ.

ನನ್ನ ಗಂಡ ಮಾಸ್ಬಿ ಸಾಯುವ ಹಿಂದಿನ ವಾರ, "ಯೂಲಾ, ಒಂದೇ ಒಂದ್ ಸಲ ಹಾಡೇ, ನಿನ್ನ ದನಿ ಹೇಗಿದೆ ಅಂತಾನೇ ಗೊತ್ತಿಲ್ವಲ್ಲ ನಂಗೆ" ಎಂದ. ಜೇನು ನೆಕ್ಕಿ ಕೆಮ್ಮಿದೆ.

ಆ ಹುಡುಗ ಹೊಸ ಪ್ಲೇಟು ಕೊಟ್ಟು ಹೋಗಿದ್ದ. ಆರು ಪ್ಯಾರಾ ಓದಿದೆ. ಏಳು ಸಲ ಓದಿದೆ. ನನ್ನ ಬದುಕಿನಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿಲ್ಲ ಡೀಲಿ, ಮತ್ತು ಪ್ರತಿ ಪ್ಯಾರಾದಲ್ಲೂ ನಿನ್ನ ಹೆಸರಿತ್ತು. ಅದನ್ನು ನಿನಗೆ ಬಿಟ್ಟುಕೊಡುವುದಕ್ಕಿಂತ ನಿನ್ನನ್ನು ಸಾಯಿಸುವುದು ಸುಲಭ ಅನ್ನಿಸಿತು.

ಈಗ ಎದ್ದು ನಿಂತು ಗಟ್ಟಿಯಾಗಿ ಹೇಳು, ಹೇಳುವುದಾದರೆ.

ಯೂಲಾಲಿ

* * *

ಮೆಂಫಿಸ್
ಅಕ್ಟೋಬರ್ ೧೫, ೧೯೬೨

ಯೂಲಾ,

ನಿನ್ನ ಚರ್ಚಿಗೆ ಬರಲಿಲ್ಲ. ಕರುಣೆಯಿಂದ ಎಂದು ತಿಳಿಯಬೇಡ. ಬಾಯಿಗೆ ಬೀಗ ಹಾಕಿಕೊಂಡು ಆರ್ಗನ್ ಮುಂದೆ ಕೂತ ನಿನ್ನನ್ನು ನೋಡಿದ್ದರೆ ನಾನು ಆಡುವ ಮಾತು ದೇವರ ಮನೆಯಲ್ಲಿ ಆಡುವಂಥದ್ದಾಗಿರುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ, ಮೂರ್ಖಳೇ. ನನ್ನ ಗಂಟಲು ಹದಿನಾಲ್ಕು ಹಲ್ಲಿಗೆ ಹೋಯಿತು, ಒಂದು ವಾರಕ್ಕೆ ಮರಳಿತು. ನೀನು ನಿನ್ನದನ್ನು ಸುಮ್ಮನೆ ಜೇನಿನಲ್ಲಿ ಮುಳುಗಿಸಿಟ್ಟಿದ್ದೀ.

ಶನಿವಾರದ ಕಥೆ ಕೇಳು. ಸಭಾಂಗಣದಲ್ಲಿ ಮುನ್ನೂರು ಕುರ್ಚಿ. ಹುಡುಗರೆಲ್ಲ ನೆಲದ ಮೇಲೆ ಕೂತಿದ್ದರು. ಓದಲು ಬಂದ ಧಣಿಗಳ ಮಕ್ಕಳು, ನಮ್ಮಪ್ಪ ಉಡಲು ನಾಚುತ್ತಿದ್ದಂಥ ಹರಕು ಬಟ್ಟೆ ಹಾಕಿಕೊಂಡು. ನಾನು ನೇರಳೆ ಸ್ಯಾಟಿನ್ ಗೌನು, ಉದ್ದ ಕೈಗವಸು. ಕ್ರೇಲ್ ಮುಖ ಸಣ್ಣದಾಯಿತು. ವೇದಿಕೆಯ ಮೇಲೆ ಒಂದು ಮುರುಕು ಕುರ್ಚಿ, ಪಕ್ಕದಲ್ಲಿ ಒಂದು ಹತ್ತಿ ಮೂಟೆ ಇಡಿಸಿದ್ದ. "ಸ್ವಲ್ಪ ಸಾದಾ ಬಟ್ಟೆ... ಹತ್ತಿ ಹೊಲದ ಥರ..." ಎಂದು ತೊದಲಿದ.

"ನಾನು ಹತ್ತಿ ಬಿಡಿಸಿದೋಳಲ್ಲಪ್ಪಾ, ಹಲ್ಲು ಕೀಳಿಸಿದೋಳು," ಎಂದೆ. ನಕ್ಕ. ಬರೆದುಕೊಂಡ.

ಆಮೇಲೆ ಅವನು ಮುಂದೆ ಹೋಗಿ ಹದಿನೈದು ನಿಮಿಷ ನನ್ನ ದುಃಖದ ಬಗ್ಗೆ ಮಾತಾಡಿದ. ಕೊನೆಗೆ, "ಈಗ, 'ಆರಿದ ಒಲೆ'" ಎಂದ. ನಾನು ಮೂಟೆಯನ್ನು ಪಕ್ಕಕ್ಕೆ ನೂಕಿ ನಿಂತೆ. ಬಾಯಿ ಮುಚ್ಚಿದೆ. ಕಾಲು ಬಡಿಯತೊಡಗಿದೆ.

ಅಷ್ಟೇ. ಮೂರು ನಿಮಿಷ ಹತ್ತು ಸೆಕೆಂಡು. ಆ ಪ್ಲೇಟಿನಲ್ಲಿ ನಾನು ಏನು ಮಾಡಿದ್ದೆನೋ ಅದನ್ನೇ, ಒಂದು ಬಡಿತ ಹೆಚ್ಚಿಲ್ಲ, ಕಡಿಮೆಯಿಲ್ಲ. ನೀನು ಹಾಡುವ ಕಡೆಯೆಲ್ಲ ಜಾಗ ಬಿಟ್ಟೆ. ಮೊದಲು ಮುಗುಳ್ನಕ್ಕರು, ನಾನು ಶುರು ಮಾಡುತ್ತೇನೆ ಎಂದುಕೊಂಡು. ಆಮೇಲೆ ಕೆಮ್ಮಿದರು. ಎರಡನೆಯ ಚರಣದ ಹೊತ್ತಿಗೆ ಉಸಿರೂ ಕೇಳಿಸಲಿಲ್ಲ. ಅಲ್ಲಿ ಒಂದು ದನಿ ಇಲ್ಲ ಎಂಬುದು ಗೋಡೆಗೂ ಗೊತ್ತಾಗುತ್ತಿತ್ತು, ಯೂಲಾ. ನಿಲ್ಲಿಸಿ, "ಇದಿಷ್ಟು ನನ್ನ ಪಾಲು. ಮಿಕ್ಕಿದ್ದು ಹಾಡಿದೋಳು ಇದೇ ಊರಲ್ಲಿದಾಳೆ. ಅವಳ ಹೆಸರು ಹೇಳೋಕೆ ನಂಗೆ ಅಪ್ಪಣೆ ಇಲ್ಲ" ಎಂದೆ.

ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬಳು ಅಳುತ್ತಿದ್ದಳು. 'ಮೌನದ ಬ್ಲೂಸ್' ಎಂದು ಕ್ರೇಲ್ ಪಕ್ಕದವನ ಕಿವಿಯಲ್ಲಿ ಹೇಳುವುದು ಕೇಳಿಸಿತು. ನಿಜ ಹೇಳುವುದಕ್ಕೆ ನಾನು ಇನ್ನೇನು ಮಾಡಬೇಕು? ಎದೆ ಬಗೆದರೆ ಅದಕ್ಕೂ ಒಂದು ಹೆಸರಿಡುತ್ತಾರೆ.

ಆಮೇಲೆ ನನ್ನ 'ಮಂಗಳವಾರದ ರೈಲು' ಹಾಡಿದೆ. ಅರವತ್ಮೂರರ ಗಂಟಲು, ಮೇಲಿನ ಸ್ವರಕ್ಕೆ ಹತ್ತುವಾಗ ಮೆಟ್ಟಿಲ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಂಡಿತು. ಚಪ್ಪಾಳೆ ಬಿತ್ತು, ಕಾಲಿಗೆ ಬಿದ್ದದ್ದರ ಅರ್ಧ.

ಹೊರಡುವಾಗ ಕೋಟು ಕೊಡುವ ಹೆಂಗಸು, ನಮ್ಮವಳೇ, ಐವತ್ತರ ಹತ್ತಿರ, ನನ್ನ ಕೋಟು ಹಿಡಿದುಕೊಂಡೇ ನಿಂತಳು. ಕೊಡಲಿಲ್ಲ. "ಅಮ್ಮಾ, ಆ 'ಆರಿದ ಒಲೆ' ಪ್ಲೇಟು ನಮ್ಮನೇಲೂ ಇತ್ತು. ನಮ್ಮಮ್ಮ ಆ ಮಗ್ಗುಲು ಹಾಕ್ತಾನೇ ಇರ್ಲಿಲ್ಲ. ಇನ್ನೊಂದು ಮಗ್ಗುಲು ಮಾತ್ರ ಹಾಕೋರು, ಈಗ ಕೊನೇಲಿ ಹಾಡಿದ್ರಲ್ಲ, ಆ ರೈಲಿಂದು. ಹಾಕಿ ಹಾಕಿ ಅದು ಸವೆದು ಬೂದಿ ಬಣ್ಣ ಆಗೋಗಿತ್ತು. ಅದು ನೀವೇನಾ?"

"ಹೂಂ, ನಾನೇ," ಎಂದೆ.

ಮೂವತ್ಮೂರು ವರ್ಷದಲ್ಲಿ ಆ ಎರಡು ಪದವನ್ನು ಹೊಟ್ಟೆಯಲ್ಲಿ ಏನೂ ಚುಚ್ಚದೆ ಹೇಳಿದ್ದು ಅದೇ ಮೊದಲು. ನನ್ನದು ನನಗೆ ಸಿಕ್ಕಿತು, ಕೋಟಿನ ಜೊತೆ. ನಿನ್ನದನ್ನು ನೀನು ತೆಗೆದುಕೊಳ್ಳುತ್ತೀಯೋ ಬಿಡುತ್ತೀಯೋ, ಇನ್ನು ನಾನು ಕೇಳುವುದಿಲ್ಲ.

ಡೀಲಿ

* * *

ಶಿಕಾಗೊ
ನವೆಂಬರ್ ೫, ೧೯೬೨

ಡೀಲಿ,

ಆ ಶನಿವಾರ ನಾನು ಅಲ್ಲಿದ್ದೆ. ಕೊನೆಯ ಸಾಲು, ಕಂಬದ ಮರೆ. ಕುರ್ಚಿಯ ಮೇಲೆ ಕೂತವಳು ನಾನೊಬ್ಬಳೇ ಇರಬೇಕು.

ನೀನು ಕಾಲು ಬಡಿಯುವಾಗ ನಾನು ಬಾಯಿ ತೆರೆಯಲಿಲ್ಲ. ಒಳಗೊಳಗೇ ಮೂರು ಚರಣವೂ ಹಾಡಿದೆ. ನೆಲದ ಮೇಲಿದ್ದ ಹುಡುಗಿ ತಿರುಗಿ, "ನೀರು ಬೇಕಾ ಅಜ್ಜೀ, ಯಾಕ್ ಹೀಗೆ ಬೆವರ್ತಿದೀರಾ" ಎಂದಳು. ಒಂದು ಮಾತು ಹೇಳದೆ ಇರಲಾರೆ. ಎರಡನೆಯ ಚರಣದಲ್ಲಿ ನೀನು ಅರೆ ಮಾತ್ರೆ ತಡ. ಆವತ್ತು ನನ್ನ ಜೋಡು ದೊಡ್ಡದೆಂದು ನೀನು ನೆಪ ಹೇಳಿದೆ, ಮೂವತ್ಮೂರು ವರ್ಷ ನಾನು ನಂಬಿದ್ದೆ. ಈ ಸಲ ಜೋಡು ನಿನ್ನದೇ ಇತ್ತಲ್ಲ.

ಕ್ರೇಲ್‌ಗೆ ನಾನು ಬರೆಯುವುದಿಲ್ಲ. ಬರೆದರೂ ಅವನು ನಂಬುವುದಿಲ್ಲ. ಅವನ ಹತ್ತಿರ ಯಂತ್ರವಿದೆ.

ನಿನ್ನೆ ಭಾನುವಾರ, ಎರಡನೆಯ ಭಜನೆ. ಬೆರಳುಗಳು ಅವುಗಳ ಪಾಡಿಗೆ ನುಡಿಸುತ್ತಿದ್ದವು. ಬಾಯಿ ತೆರೆದೆ. ನಿನ್ನ ಮೇಲಿನ ಸಿಟ್ಟಿನಲ್ಲೇ ತೆರೆದೆ, ಭಕ್ತಿಯಿಂದ ಎಂದು ಸುಳ್ಳು ಹೇಳಲಾರೆ. ಆ ಮೂರು ನಿಮಿಷ ನೀನು ಬಿಟ್ಟ ಜಾಗ ಮೂರು ವಾರದಿಂದ ನಿದ್ದೆ ಕೊಟ್ಟಿರಲಿಲ್ಲ. ದನಿಗೆ ತುಕ್ಕು ಹಿಡಿದಿತ್ತು, ಆದರೂ ಬಂತು. ಇಡೀ ಮೊದಲ ಸಾಲು ಹಾಡು ನಿಲ್ಲಿಸಿತು. ಪಾದ್ರಿ ಪುಸ್ತಕ ಕೆಳಗಿಳಿಸಿದ. ಮೂರು ಹೆಂಗಸರು, ಮೂವರೂ ಐವತ್ತು ದಾಟಿದವರು, ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಥಟ್ಟನೆ ತಿರುಗಿದರು.

ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಒಡೆಸ್ಸಾ ಪ್ರೂಯಿಟ್ ಆರ್ಗನ್ ಹತ್ತಿರ ಬಂದಳು. ಮದ್ಯಪಾನ ವಿರೋಧಿ ಸಮಿತಿಯ ಅಧ್ಯಕ್ಷೆ. ಅವಳ ಮುಂದೆ ಕಾಫಿಗೂ ಎರಡನೇ ಸಲ ಕೈ ಚಾಚಲು ಜನ ಹೆದರುತ್ತಾರೆ.

"ಮದರ್, ನಿಮ್ಮ ದನಿ ನಾನು ಎಲ್ಲೋ ಕೇಳಿದೀನಲ್ಲ."

"ಕೇಳಿರ್ತೀರಿ," ಎಂದೆ.

"ಎಲ್ಲಿ?"

"ನಿಮ್ಮನೇಲೇ. ನಿಮ್ಮ ಯಜಮಾನ್ರು ಊರಲ್ಲಿ ಇಲ್ದಾಗ."

ಜೇನಿನ ಬಾಟಲಿಗಳನ್ನೆಲ್ಲ ಹಿಂದಕ್ಕೆ ಕೇಳುತ್ತಾಳೇನೋ ಎಂದುಕೊಂಡೆ. ಆಮೇಲೆ ಕೈಚೀಲವನ್ನು ಎದೆಗೆ ಒತ್ತಿ ಹಿಡಿದು, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗಾಲಿನಿಂದ ನೆಲಕ್ಕೆ ನಾಲ್ಕು ಸಲ ಮೆಲ್ಲಗೆ ಬಡಿದಳು.

ಅವಳಾದರೂ ಸರಿಯಾದ ಮಾತ್ರೆಗೆ ಬಡಿದಳು.

ಯೂಲಾ